ವರ್ಷಕ್ಕೊಂದು ಫ್ರೀ ಕ್ರೆಡಿಟ್ ರಿಪೋರ್ಟ್: ಯಜಮಾನ್ರಿಗೆ 796, ನಂಗೆ 671

ಐದಕ್ಕೆ ನಾಲ್ಕು ಸ್ಟಾರ್.

ನಾವಿರೋದು ಮೈಸೂರಲ್ಲಿ, ಕುವೆಂಪುನಗರ. ಇಬ್ರ ಸಂಬಳಾನೂ ಒಂದೇ ಜಾಯಿಂಟ್ ಅಕೌಂಟಿಗೆ ಬೀಳುತ್ತೆ, ಲೆಕ್ಕ ಎಲ್ಲ ನಂದೇ, ನಮ್ಮನೆಯವ್ರಿಗೆ ಕಾರ್ಡ್ ಬಿಲ್ಲಿನ ಡ್ಯೂ ಡೇಟ್ ಯಾವತ್ತು ಅಂತಾನೂ ಗೊತ್ತಿಲ್ಲ. ಹೆಂಗಸರ ಹೆಸರಲ್ಲಿದ್ರೆ ಕೆಲವು ಬ್ಯಾಂಕಲ್ಲಿ ಬಡ್ಡಿ ಒಂಚೂರು ಕಮ್ಮಿ ಅಂತಾರಲ್ಲ, ಅದಕ್ಕೆ ಮನೆ ಲೋನಿಗೆ ನನ್ನ ಹೆಸರೇ ಮುಂದೆ ಹಾಕ್ಸಿದ್ವಿ. ಬ್ಯಾಂಕಿನವ್ರು ಕಂಪ್ಯೂಟರಲ್ಲಿ ಇಬ್ರ ಕ್ರೆಡಿಟ್ ಸ್ಕೋರ್, ಅಂದ್ರೆ ಸಾಲ ಹೆಂಗೆ ಕಟ್ತೀವಿ ಅನ್ನೋದಕ್ಕೆ ಬೀಳೋ ಮಾರ್ಕ್ಸ್, ನೋಡಿ "ಮೇಡಂ, ನಿಮ್ದು ಸ್ವಲ್ಪ..." ಅಂತ ರಾಗ ಎಳೆದ್ರು. ಬಿಲ್ ಕಟ್ಟೋಳು ನಾನು, ಮಾರ್ಕ್ಸ್ ಅವ್ರಿಗೆ!

ಹೊರಗೆ ಬಂದ್ರೆ ಏಜೆಂಟ್ ಒಬ್ಬ, ಮೂರು ಸಾವಿರ ಕೊಡಿ ಸ್ಕೋರ್ ಏರಿಸ್ಕೊಡ್ತೀನಿ ಅಂದ. ಕೊಡ್ಲಿಲ್ಲ, ಪುಣ್ಯಕ್ಕೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ನಮ್ಮ ಸಾಲದ ಲೆಕ್ಕ ಇಟ್ಟು ಸ್ಕೋರ್ ಕೊಡೋ ಈ ನಾಲ್ಕೂ ಬ್ಯೂರೋದವ್ರು ವರ್ಷಕ್ಕೊಂದ್ಸಲ ಸ್ಕೋರ್ ಸಮೇತ ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡ್ಲೇಬೇಕು, ರಿಸರ್ವ್ ಬ್ಯಾಂಕ್ ರೂಲು. ಪ್ಯಾನ್ ನಂಬರು, ಒಟಿಪಿ, ಅಷ್ಟೇ. ನಾವೇ ತೆಗೆದು ನೋಡಿದ್ರೆ ಸ್ಕೋರ್ ಇಳಿಯಲ್ಲ, ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕಿನವ್ರು ನೋಡಿದ್ರೇನೇ ಲೆಕ್ಕಕ್ಕೆ ಬರೋದು.

ಇಬ್ರ ರಿಪೋರ್ಟೂ ಪ್ರಿಂಟ್ ತೆಗೆದು ಊಟದ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಕೊಂಡು ಕೂತ್ವಿ. ಮೊದಲು ಗೊತ್ತಾಗಿದ್ದು, ಇದರಲ್ಲಿ ಜಾಯಿಂಟ್ ಅಕೌಂಟಿನ ಸುದ್ದೀನೇ ಇಲ್ಲ. ಸಂಬಳ ಇಲ್ಲ, ಎಫ್‌ಡಿ ಇಲ್ಲ, ಮದುವೆ ಆಗಿದೆ ಅನ್ನೋದೂ ಇದಕ್ಕೆ ಬೇಕಿಲ್ಲ. ಯಾರ ಪ್ಯಾನ್ ಮೇಲೆ ಯಾವ ಸಾಲ, ತಿಂಗಳು ತಿಂಗಳು ಹೆಂಗೆ ಕಟ್ಟಿದಾರೆ, ಅಷ್ಟೇ. ಕ್ರೆಡಿಟ್ ಕಾರ್ಡ್ ಅವ್ರ ಹೆಸರಲ್ಲಿ, ಕಾರ್ ಲೋನ್ ಅವ್ರ ಹೆಸರಲ್ಲಿ, ನಾನು ಆರು ವರ್ಷದಿಂದ ಉಜ್ತಿರೋದು ಅದೇ ಕಾರ್ಡಿನ ಆಡ್-ಆನ್, ಅಂದ್ರೆ ಅವ್ರ ಖಾತೆಗೇ ಸೇರಿದ ಎರಡನೇ ಕಾರ್ಡು, ಅದರ ಒಂದು ಗೆರೆನೂ ನನ್ನ ರಿಪೋರ್ಟಲ್ಲಿಲ್ಲ. ನನ್ನ ಫೋನಿಂದ ನಾನೇ ಟೈಮಿಗೆ ಕಟ್ಟಿದ್ದೆಲ್ಲ ಅವ್ರ ಖಾತೆಗೆ ಪುಣ್ಯ.

ಸರಿ, ಇಲ್ಲದೇ ಇರೋದು ಇರ್ಲಿ, ಇರೋದು ನೋಡಿ. ಕೆಳಗಡೆ ಒಂದು ಟ್ರಾಕ್ಟರ್ ಲೋನು! ನಾನು ಜೀವಮಾನದಲ್ಲಿ ಟ್ರಾಕ್ಟರ್ ಹತ್ತಿಲ್ಲ. ಆಮೇಲೆ ನೋಡಿದ್ರೆ ಪಕ್ಕದಲ್ಲಿ ಗ್ಯಾರಂಟರ್ ಅಂತಿದೆ. ಮಂಡ್ಯದಲ್ಲಿರೋ ತಮ್ಮಂಗೆ ಅಕ್ಕ ಅಂತ ಜಾಮೀನು ಹಾಕಿದ್ದೆ, ಮರ್ತೇ ಹೋಗಿತ್ತು. ಎಷ್ಟು ದಿನ ಲೇಟು ಅಂತ ತಿಂಗಳಿಗೊಂದು ಅಂಕಿ ಇರುತ್ತೆ, ಯಜಮಾನ್ರದ್ದು 000, 000, 000 ಅಂತ ಮುತ್ತು ಪೋಣಿಸಿದ ಹಾಗೆ, ನನ್ನ ಟ್ರಾಕ್ಟರ್‌ದು 000, 032, 061. ಫೋನ್ ಮಾಡಿದ್ರೆ "ಕಬ್ಬಿನ ದುಡ್ಡು ಬಂದೇಟ್ಗೆ ಕಟ್ಬುಡ್ತೀನಿ ಕನಕ್ಕ" ಅಂತಾನೆ. ಪಾಪ, ಅವನದ್ದೂ ತಪ್ಪು ಅನ್ನೋಕಾಗಲ್ಲ, ಆದ್ರೆ ರಿಪೋರ್ಟಿಗೆ ಕಬ್ಬು ಗೊತ್ತಿಲ್ವಲ್ಲ.

ಫ್ರಿಜ್ಜಿಗೆ ತಗೊಂಡಿದ್ದ ಫೈನಾನ್ಸ್ ಲೋನು ತೀರಿ ಎರಡು ವರ್ಷ ಆಗಿದ್ರೂ ಇನ್ನೂ ಚಾಲ್ತಿ ಅಂತ ತೋರಿಸ್ತಿತ್ತು. ಸಾಲ ತೀರಿದೆ ಅಂತ ಫೈನಾನ್ಸಿನವ್ರು ಕೊಟ್ಟ ಎನ್‌ಒಸಿ ಪತ್ರ ಹಾಕಿ, ಇದು ತಪ್ಪು ಅಂತ ಆನ್‌ಲೈನಲ್ಲೇ ಡಿಸ್ಪ್ಯೂಟ್ ಕೊಟ್ಟೆ, 22 ದಿನಕ್ಕೆ ಸರಿಯಾಯ್ತು. 30 ದಿನ ದಾಟಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅನ್ನೋ ರೂಲ್ ಬಂದಿರೋದ್ರಿಂದ ಇರ್ಬೋದು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ, ನಾಲ್ಕರಲ್ಲಿ ಒಂದು ಸೈಟಲ್ಲಿ ಫ್ರೀ ರಿಪೋರ್ಟಿನ ಲಿಂಕು ದೇವರಾಜ ಮಾರ್ಕೆಟ್ ಸಂದೀಲಿ ಅಂಗಡಿ ಹುಡುಕಿದ ಹಾಗೆ ಹುಡುಕ್ಬೇಕು, ದುಡ್ಡು ಕೊಡೋ ಪ್ಲಾನು ಮಾತ್ರ ಬಾಗಿಲಲ್ಲೇ ನಿಂತಿರುತ್ತೆ. ನಾಲ್ಕೂ ಒಟ್ಟಿಗೆ ತೆಗೀಬೇಡಿ, ಮೂರು ತಿಂಗಳಿಗೊಂದು ಅಂತ ತೆಗೆದ್ರೆ ವರ್ಷಪೂರ್ತಿ ಕಣ್ಣಿಟ್ಟಿರ್ಬೋದು.

ಈಗ ನನ್ನ ಹೆಸರಲ್ಲೇ ಎಫ್‌ಡಿ ಅಡ ಇಟ್ಟು ಒಂದು ಕ್ರೆಡಿಟ್ ಕಾರ್ಡ್ ಮಾಡಿಸ್ಕೊಂಡೆ, ತರಕಾರಿ ಪೆಟ್ರೋಲ್ ಅಷ್ಟಕ್ಕೇ. ತಮ್ಮಂಗೆ ಆ 061 ಇರೋ ಪುಟದ ಫೋಟೋ ಕಳ್ಸಿದೀನಿ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.