ಲಿಟ್ಲ್ ಇಯರ್ಸ್ ಪ್ರಶ್ನಾವಳಿ: ಮನೆಗೆ ಒಯ್ದು, ಅಜ್ಜಿಯನ್ನೂ ಕೇಳಿ ತುಂಬಿ

ದಾವಣಗೆರೆಯಲ್ಲಿ ಮಕ್ಕಳನ್ನು ಸ್ಪೀಚ್ ಥೆರಪಿಗೆ ಕರೆದೊಯ್ಯುವ ಅಪ್ಪ-ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಿಯರಿಂಗ್ ಏಡ್ ಹಾಕಿಸಿದ ಮೇಲೆ ಮಗು ಶಬ್ದಕ್ಕೆ, ಮಾತಿಗೆ ಹೇಗೆ ಸ್ಪಂದಿಸುತ್ತೆ ಅಂತ ಅಪ್ಪ-ಅಮ್ಮನನ್ನು ಕೇಳುವ ಲಿಟ್ಲ್ ಇಯರ್ಸ್ ಅನ್ನುವ ಫಾರಂ ನಮಗೆ ಕೊಟ್ಟರು. ತುಂಬಾ ಕೆಲಸಕ್ಕೆ ಬಂತು.

ಇದು ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ, ಕೇಳಲು ನೆರವಾಗುವ ಸಾಧನ) ತಯಾರಿಸುವ ಆಸ್ಟ್ರಿಯಾದ ಮೆಡ್-ಎಲ್ ಕಂಪನಿಯದು. ಒಟ್ಟು 35 ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಗೊತ್ತಿರುವ ದನಿಗೆ ಮಗು ಸ್ಪಂದಿಸುತ್ತಾ ಅನ್ನುವಲ್ಲಿಂದ ಶುರುವಾಗಿ ಪ್ರಶ್ನೆಗಳು ಕಷ್ಟವಾಗುತ್ತಾ ಹೋಗುತ್ತವೆ. ಸಾಲಾಗಿ 6 ‘ಇಲ್ಲ’ ಬಂದರೆ ಅಲ್ಲಿಗೇ ನಿಲ್ಲಿಸಬಹುದು. ಒಂದು ಸಲ ಕಣ್ಣಾರೆ ನೋಡಿದ್ದರೂ ‘ಹೌದು’. ಅನುಮಾನ ಇದ್ದರೆ ‘ಇಲ್ಲ’.

ನನಗೆ ಧೈರ್ಯ ಕೊಟ್ಟಿದ್ದು ಅದರ ಲೆಕ್ಕ. ಮಗಳಿಗೆ ಎರಡು ವರ್ಷ ಆಗುತ್ತಾ ಬಂತು. ಆದರೆ ಹಿಯರಿಂಗ್ ಏಡ್ ಮಿಷನ್ ಹಾಕಿದ್ದು ಮೊದಲ ಹುಟ್ಟುಹಬ್ಬ ಕಳೆದ ಮೇಲೆ. ಅಂಕವನ್ನು, ಅಂದರೆ ಒಟ್ಟು ‘ಹೌದು’ಗಳನ್ನು, ಮಿಷನ್ ಹಾಕಿದ ದಿನದಿಂದ ಎಣಿಸಿದ ‘ಕೇಳುವ ವಯಸ್ಸಿ’ಗೆ ಹೋಲಿಸಬೇಕು ಅಂತ ಆಡಿಯಾಲಜಿಸ್ಟ್ (ಕಿವಿ ಕೇಳುವುದನ್ನು ಪರೀಕ್ಷಿಸುವ ತಜ್ಞರು) ಹೇಳಿದರು. ಓಣಿಯ ಮಕ್ಕಳ ಜೊತೆ ಹೋಲಿಸಿ ಸಂಕಟಪಡುತ್ತಿದ್ದ ನನಗೆ ಎಷ್ಟು ಹಗುರಾಯಿತು ಗೊತ್ತಾ!

ಫಾರಂ ಕೊಡುವ ರೀತಿ ಮಾತ್ರ ನನಗೆ ಇಷ್ಟವಾಗಲಿಲ್ಲ. ಕಾರಿಡಾರಿನ ಗದ್ದಲದಲ್ಲಿ, ಮಗು ಅಳುತ್ತಿರುವಾಗ, ಬೇಗ ತುಂಬಿ ಕೊಡಿ ಅಂದರು. ಹಾಗೆ ತುಂಬಿದರೆ ಆಸೆಗೆ ‘ಹೌದು’ ಹಾಕುತ್ತೇವೆ, ಅಲ್ವಾ? ನಾನು ಮನೆಗೆ ಒಯ್ಯುತ್ತೇನೆ ಅಂತ ಹಟ ಹಿಡಿದೆ. ನಾನಿರುವುದು ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ. ಇಡೀ ದಿನ ಮಗುವಿನ ಜೊತೆ ಇರೋರು ನಮ್ಮತ್ತೆ. ಬೆನ್ನ ಹಿಂದೆ ಮಂಡಕ್ಕಿ ಡಬ್ಬಿ ಅಲ್ಲಾಡಿಸಿದರೆ ತಿರುಗುತ್ತಾಳೆ, ಹೆಸರು ಕರೆದರೆ ಟಿವಿ ಆರಿಸಿದಾಗ ಮಾತ್ರ ನೋಡುತ್ತಾಳೆ ಅಂತ ಅವರೇ ಹೇಳಿದ್ದು. ಬಾಗಿಲು ಧಡ್ ಅಂದಾಗ ಬೆಚ್ಚಿದ್ದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ನೆಲದ ಅದುರುವಿಕೆಗೂ ಮಕ್ಕಳು ಬೆಚ್ಚುತ್ತಾರೆ. ಅತ್ತೆ ಪಕ್ಕದಲ್ಲಿ ಕೂತು ತುಂಬಿದ ಆ ಹಾಳೆ ನೋಡಿಯೇ ಆಡಿಯಾಲಜಿಸ್ಟ್ ತುಂಬಾ ಪ್ರಶ್ನೆ ಕೇಳಿದರು. ಮುಂದೆ ಮನೆಯಲ್ಲಿ ಏನು ಅಭ್ಯಾಸ ಮಾಡಿಸಬೇಕು ಅಂತಲೂ ಹೇಳಿಕೊಟ್ಟರು.

ಈ ಫಾರಂ ಅನ್ನೇ ಕಿವಿ ಪರೀಕ್ಷೆ ಅಂದುಕೊಂಡು ಸುಮ್ನೆ ಕೂರಬೇಡಿ. ಅನುಮಾನ ಬಂದರೆ ಒಎಇ (ಒಳಗಿವಿ ಶಬ್ದಕ್ಕೆ ಸ್ಪಂದಿಸುತ್ತಾ ಅಂತ ನೋಡುವ ಪರೀಕ್ಷೆ), ಬೆರಾ (ಶಬ್ದ ಕಿವಿಯಿಂದ ಮೆದುಳಿಗೆ ಮುಟ್ಟುತ್ತಾ ಅಂತ ನೋಡುವ ಪರೀಕ್ಷೆ) ಮಾಡಿಸಲೇಬೇಕು. ಮಗು ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ರೋಗನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವುದು ತಜ್ಞರ ನಿಯಮ. ನಮ್ಮೂರಿನ ಪ್ರತಿ ಹೆರಿಗೆ ವಾರ್ಡಿನ ಗೋಡೆ ಮೇಲೂ ಇದನ್ನು ದೊಡ್ಡದಾಗಿ ಬರೆಸಬೇಕು.

ಲಿಟ್ಲ್ ಇಯರ್ಸ್‌ಗೆ ಇನ್ನೊಂದು ಮಿತಿ ಇದೆ. ಕೇಳುವ ವಯಸ್ಸು ಎರಡು ವರ್ಷ ದಾಟಿದ ಮೇಲೆ ಹೆಚ್ಚಿನದಕ್ಕೆಲ್ಲ ‘ಹೌದು’ ಬರುತ್ತದೆ, ಹೊಸದೇನೂ ಗೊತ್ತಾಗಲ್ಲ. ಆಮೇಲೆ ಆಸ್ಟ್ರೇಲಿಯಾದವರು ಮಾಡಿದ ಪೀಚ್ ಅನ್ನುವ ಪ್ರಶ್ನಾವಳಿ ಕೇಳಿ ನೋಡಿ. ಶಾಂತ ಜಾಗದಲ್ಲಿ ಮಗು ಹೇಗೆ ಕೇಳಿಸಿಕೊಳ್ಳುತ್ತದೆ, ಗದ್ದಲದಲ್ಲಿ ಹೇಗೆ ಅಂತ ಅದು ಬೇರೆ ಬೇರೆಯಾಗಿ ಕೇಳುತ್ತದೆ. ಗದ್ದಲದ ಪಿ.ಬಿ. ರಸ್ತೆ ಪಕ್ಕದ ನಮ್ಮಂಥ ಮನೆಯವರಿಗೆ ಅದು ಜಾಸ್ತಿ ಬೇಕು.