ಬಿ.ಪಿ. ಇರುವ ಹಿರಿಯರ ಮಿದುಳಿಗೆ ಯಾವುದು ಮೇಲು: ತೋಟದ ಏರೋ, ಸೈಕಲ್ಲೋ, ಗೋಡೆಯೋ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. 65 ದಾಟಿ, ದಿನವೂ ಬಿ.ಪಿ. ಮಾತ್ರೆ ನುಂಗುವ ನನ್ನಂಥವರಿಗೆ ಕೊಡಗಿನಲ್ಲಿ ಬಿಸಿಲುಗಾಲಕ್ಕೆ ಕಾಫಿ ತೋಟದ ಏರುದಾರಿ, ಮಳೆಗಾಲಕ್ಕೆ ಮನೆಯೊಳಗಿನ ಸೈಕಲ್. ಹರಟುತ್ತಾ ಮಾಡುವ ಬೆಳಗಿನ ವಾಕಿಂಗ್‌ಗೆ ಮೂರನೆಯ ಸ್ಥಾನ. ಗೋಡೆಗೊರಗಿ ನಿಲ್ಲುವ ಕಸರತ್ತು ಇವುಗಳ ಜೊತೆಗಷ್ಟೇ. ಎಲ್ಲವನ್ನೂ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ರಕ್ತದೊತ್ತಡ ಎಂದರೆ ನಮಗೆ ಹೃದಯವಷ್ಟೇ ನೆನಪಾಗುತ್ತದೆ. ಆದರೆ ವರ್ಷಗಟ್ಟಲೆ ಏರಿದ ಒತ್ತಡ ಮಿದುಳಿನೊಳಗಿನ ಕಿರಿದಾದ ರಕ್ತನಾಳಗಳನ್ನೂ ಗಡುಸಾಗಿಸುತ್ತದೆ. ಮರೆವಿನ ಕಾಯಿಲೆಗೆ ಅದೂ ಒಂದು ದಾರಿ. ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ 50 ದಾಟಿದ, ಬಿ.ಪಿ. ಇದ್ದ 9,361 ಮಂದಿ ಇದ್ದರು. ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗೆ ಇಳಿಸುವ ಗುರಿಯಿಟ್ಟುಕೊಂಡ ಗುಂಪಿನಲ್ಲಿ ಅಲ್ಪ ಪ್ರಮಾಣದ ಅರಿವಿನ ಕುಂದು, ಅಂದರೆ ನೆನಪು, ಯೋಚನಾಶಕ್ತಿ ತುಸು ಮಂಕಾಗುವುದು, ಶೇ 19ರಷ್ಟು ಕಡಿಮೆ ಕಂಡಿತೆಂದು 2019ರಲ್ಲಿ ಪ್ರಕಟವಾಯಿತು. ಅದೇ ಜನರ ಮಾಹಿತಿಯನ್ನು ಮುಂದೆ ಮತ್ತೆ ಜಾಲಾಡಿದಾಗ, ವಾರಕ್ಕೆ ಒಮ್ಮೆಯಾದರೂ ಏದುಸಿರು ಬರುವಂತೆ ವ್ಯಾಯಾಮ ಮಾಡುವವರಲ್ಲಿ ಈ ಕುಂದು ಉಳಿದವರಿಗಿಂತ ಕಡಿಮೆ ಇತ್ತು. ಅವರವರೇ ಹೇಳಿಕೊಂಡ ಲೆಕ್ಕವಾದ್ದರಿಂದ ಇದನ್ನು ಪುರಾವೆ ಎನ್ನಲಾಗದು. ಆದರೂ ನನ್ನ ಆಯ್ಕೆಗೆ ಅಷ್ಟು ಸಾಕಾಯಿತು.

ಏದುಸಿರು ನಮ್ಮಲ್ಲಿ ಧಾರಾಳವಾಗಿ, ಅದೂ ಪುಕ್ಕಟೆಯಾಗಿ ಸಿಗುತ್ತದೆ. ಮನೆಯ ಹಿಂದಿನಿಂದ ಸಿಲ್ವರ್ ಓಕ್ ಮರಗಳ ನಡುವೆ ಮೇಲಕ್ಕೆ ಹೋಗುವ ಜೀಪು ದಾರಿಯಲ್ಲಿ ಅರ್ಧ ಹತ್ತುವಷ್ಟರಲ್ಲಿ ಒಂದು ವಾಕ್ಯವನ್ನು ಎರಡು ತುಂಡು ಮಾಡಿ ಹೇಳಬೇಕಾಗುತ್ತದೆ. "ಏನು ಟೀಚರ್, ಮಾತೇ ಇಲ್ಲವಲ್ಲ?" ಎಂದು ಕೆಲಸದವರು ನಗುತ್ತಾರೆ. ಮಾತು ನಿಂತಿದೆಯೆಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಹೃದಯ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಕೈಗಡಿಯಾರ ತೋರಿಸುವ ನಾಡಿಗಿಂತ ಈ ಮಾತಿನ ಪರೀಕ್ಷೆಯೇ ವಾಸಿ. ತೊಂದರೆ ಇರುವುದು ಇಳಿಯುವಾಗ: ಮಂಡಿ ಗೊಣಗುತ್ತದೆ, ಒಣಗಿದ ಎಲೆಯ ಮೇಲೆ ಕಾಲು ಜಾರುತ್ತದೆ. ಕೋಲು ಹಿಡಿಯಲು ನಾಚಬಾರದು.

ಜೂನ್ ಬಂತೆಂದರೆ ಈ ದಾರಿಯ ಕಥೆ ಮುಗಿಯಿತು. ಪಾಚಿ, ಜಿಗಣೆ, ಕೊಡೆ ಮಗುಚುವ ಗಾಳಿ. ಆಗ ಜಗುಲಿಯಲ್ಲಿಟ್ಟ ನಿಂತಲ್ಲೇ ತುಳಿಯುವ ಸೈಕಲ್ಲೇ ಗತಿ. ಬೇಸರವೇನೋ ಬೇಸರವೇ, ಆದರೆ ಮಂಡಿಗೆ ಭಾರವಿಲ್ಲ, ಬೀಳುವ ಭಯವಿಲ್ಲ, ಬಿಗಿ ತಿರುಗಿಸಿದರೆ ಅದೂ ಏರೇ. ಬಿ.ಪಿ. ಯಂತ್ರವನ್ನು ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಮೇಲಿನ ಅಂಕಿ 180 ದಾಟಿದ್ದರೆ ಅಂದು ತುಳಿಯುವುದು ಬೇಡ, ಫೋನ್ ಮಾಡಿ ಎಂದು ನನ್ನ ವೈದ್ಯರು ಹೇಳಿದ್ದಾರೆ.

ಸಮತಟ್ಟು ರಸ್ತೆಯ ನಡಿಗೆಯನ್ನು ನಾನು ತಳ್ಳಿಹಾಕುವುದಿಲ್ಲ. 2011ರ ಒಂದು ಅಧ್ಯಯನದಲ್ಲಿ ವಾರಕ್ಕೆ ಮೂರು ದಿನ 40 ನಿಮಿಷ ನಡೆದ ಹಿರಿಯರ ಹಿಪೊಕ್ಯಾಂಪಸ್, ಅಂದರೆ ನೆನಪಿಗೆ ಆಧಾರವಾದ ಮಿದುಳಿನ ಭಾಗ, ವರ್ಷದಲ್ಲಿ ಸುಮಾರು ಶೇ 2ರಷ್ಟು ಹಿಗ್ಗಿತ್ತು. ಆದರೆ ಅವರು ನಡೆದದ್ದು ಬಡಿತ ಏರುವ ವೇಗದಲ್ಲಿ. ಮಡಿಕೇರಿಯ ರಾಜಾಸೀಟ್ ಉದ್ಯಾನದಲ್ಲಿ ಬೆಂಚಿನಿಂದ ಬೆಂಚಿಗೆ ಸಾಗುವ ನಮ್ಮ ಗುಂಪು ಕರಿಮೆಣಸಿನ ದರ ಚರ್ಚಿಸುವ ವೇಗದಲ್ಲಿ ನಡೆಯುತ್ತದೆ. ಸ್ನೇಹಕ್ಕೆ ಒಳ್ಳೆಯದು.

ಇನ್ನು ಗೋಡೆ. ಬೆನ್ನನ್ನು ಗೋಡೆಗೆ ಕೊಟ್ಟು, ಇಲ್ಲದ ಕುರ್ಚಿಯಲ್ಲಿ ಕುಳಿತಂತೆ ಎರಡು ನಿಮಿಷ ನಿಲ್ಲುವುದು. ನಡುವೆ ಬಿಡುವು ಕೊಟ್ಟು ನಾಲ್ಕು ಸಲ. 270 ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ವಿಶ್ಲೇಷಣೆಯಲ್ಲಿ ಬಿ.ಪಿ. ಇಳಿಸುವುದರಲ್ಲಿ ಇಂಥ ಅಲುಗಾಡದ ಕಸರತ್ತೇ ಮುಂದಿತ್ತು. ತೊಡೆ ಮೊದಲ ನಿಮಿಷದಲ್ಲೇ ನಡುಗುತ್ತದೆ. ಉಸಿರು ಬಿಗಿ ಹಿಡಿದರೆ ಒತ್ತಡ ಥಟ್ಟನೆ ಏರುವುದರಿಂದ ನಾನು ಗಟ್ಟಿಯಾಗಿ ಎಣಿಸುತ್ತೇನೆ. ಏದುಸಿರು ಮಾತ್ರ ಇಲ್ಲಿ ಸಿಗದು. ಹಾಗಾಗಿ ಇದು ಏರಿನ ಜೊತೆಗೆ ಸರಿ, ಏರಿಗೆ ಬದಲಿ ಅಲ್ಲ.

78ರ ನಮ್ಮ ಭಾವನವರು ಇದನ್ನೆಲ್ಲ ಕೇಳಿ, "ನನಗೂ ಏರೇ ಏನಮ್ಮಾ?" ಎಂದರು. ಸ್ಪ್ರಿಂಟ್ ಮಾಹಿತಿಯಲ್ಲೂ ಏದುಸಿರಿನ ಲಾಭ 75ರೊಳಗಿನವರಲ್ಲೇ ಹೆಚ್ಚು ಕಂಡಿತ್ತು. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ, ಬಲ ಎರಡನ್ನೂ ಬೆಳೆಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾವನವರಿಗೆ ಸಮತಟ್ಟು ರಸ್ತೆ, ಜೊತೆಗೆ ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು ಎಂದು ತೀರ್ಮಾನವಾಯಿತು. ಈಗ ನಿಲ್ಲುತ್ತಿದ್ದಾರೆ, ಅಕ್ಕನ ಅಡುಗೆಗೆ ಅಡ್ಡವಾಗಿ.