ಮಂಡಿ ಬದಲಿಸಿಕೊಂಡ ಮೇಲೆ ಯಾವ ನೋವಿನ ಮಾತ್ರೆ?

ಮಂಡಿಯ ಕೀಲು ಬದಲಿಸಿಕೊಂಡು ವಿಜಯಪುರದ ಮನೆಗೆ ಮರಳಿದ ಮೇಲೆ, ವೈದ್ಯರು ಬರೆದುಕೊಟ್ಟ ಪ್ರತಿ ನೋವಿನ ಮಾತ್ರೆಯನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆದೆ: ಇದನ್ನು ನುಂಗಿದ ಮೇಲೆ ವ್ಯಾಯಾಮ ಮಾಡಲು ಆಗುತ್ತದೆಯೇ? ಆರಂಭದ ವಾರಗಳಲ್ಲಿ ಮಂಡಿಯನ್ನು ಮಡಚಿ ಚಾಚದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ಸುಮ್ಮನೆ ಮಲಗಿಸುವ ಮಾತ್ರೆಯಿಂದ ಆ ಕೆಲಸ ಆಗದು.

ಟ್ರಮಡಾಲ್ ಇವುಗಳಲ್ಲಿ ಜೋರಿನದು. ರಾತ್ರಿ ನಿದ್ದೆ ಕೊಟ್ಟಿದ್ದು ಇದೇ. ಆದರೆ ಹಗಲಿನಲ್ಲಿ ವಾಕರ್ ಹಿಡಿದು ನಿಂತರೆ ತಲೆ ಸುತ್ತುತ್ತಿತ್ತು, ಊಟ ಕಂಡರೆ ವಾಕರಿಕೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮಲಬದ್ಧತೆ. ಊದಿದ ಮಂಡಿ ಇಟ್ಟುಕೊಂಡು ಶೌಚಾಲಯದಲ್ಲಿ ಹೊತ್ತುಗಟ್ಟಲೆ ಕೂರುವುದು ಶಸ್ತ್ರಚಿಕಿತ್ಸೆಯ ನೋವಿಗಿಂತ ಕಡಿಮೆಯದಲ್ಲ. ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಮಜ್ಜಿಗೆ ಯಾವುದೂ ಸಾಲದೆ ಅದಕ್ಕೂ ಔಷಧಿ ಬೇಕಾಯಿತು. ಈ ಮಾತ್ರೆ ಮೊದಲ ದಿನದಿಂದಲೇ ಇದ್ದರೆ ಮಲಬದ್ಧತೆಗೂ ಆಗಲೇ ಕೇಳಿಕೊಳ್ಳಿ. 2018ರಿಂದ ಇದು ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಚೀಟಿಯಿಲ್ಲದೆ ಕೊಡುವಂತಿಲ್ಲ, ಆ ಕಟ್ಟುನಿಟ್ಟು ಸರಿಯೇ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು.

ಎಟೋರಿಕಾಕ್ಸಿಬ್ ವ್ಯಾಯಾಮಕ್ಕೆ ಹೇಳಿ ಮಾಡಿಸಿದ್ದು. ದಿನಕ್ಕೆ ಒಂದೇ ಮಾತ್ರೆ, ತಲೆ ನಿಚ್ಚಳ, ಬಾವೂ ಇಳಿಯುತ್ತದೆ. ಹೊಟ್ಟೆಗೆ ಡೈಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಮಾತ್ರೆಯಷ್ಟು ಉರಿ ಕೊಡಲಿಲ್ಲ. ಆದರೆ ನನ್ನ ರಕ್ತದೊತ್ತಡ ಏರಿತು, ವೈದ್ಯರು ನಿಲ್ಲಿಸಿದರು. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ನೋವಿನ ಜೊತೆಗೆ ಬಾವನ್ನೂ ಇಳಿಸುವ ಈ ಗುಂಪಿನ ಮಾತ್ರೆಗಳು ಅಪಾಯ. ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರಂತೂ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ.

ಪ್ಯಾರಾಸಿಟಮಾಲನ್ನು ಜ್ವರದ ಮಾತ್ರೆಯೆಂದು ಜನ ಕಡೆಗಣಿಸುತ್ತಾರೆ. ನನ್ನ ಕೈ ಹಿಡಿದಿದ್ದು ಅದೇ. ನೋವು ಏರುವವರೆಗೆ ಕಾಯದೆ, ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಂಡಾಗ ಟ್ರಮಡಾಲ್ ರಾತ್ರಿಗಷ್ಟೇ ಸಾಕಾಯಿತು; ಆಮೇಲೆ ಅದೂ ಬೇಡವಾಯಿತು. ವ್ಯಾಯಾಮದ ನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇದಕ್ಕೆ ಒಳ್ಳೆಯ ಜೊತೆ. ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ ಪ್ಯಾರಾಸಿಟಮಾಲಿನ ಮೇಲ್ಮಿತಿ. ಯಕೃತ್ತಿನ ತೊಂದರೆ ಇದ್ದವರಿಗೆ, ವೃದ್ಧರಿಗೆ ವೈದ್ಯರು ಇನ್ನೂ ಇಳಿಸುತ್ತಾರೆ. ಅಸೆಕ್ಲೋಫೆನಾಕ್ ಎಂಬ ನೋವಿನ ಔಷಧಿ ಬೆರೆತ ಮಾತ್ರೆಗಳಲ್ಲಿ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನೋಡಲು ಬಂದ ನೆಂಟರು ಪ್ರೀತಿಯಿಂದ ಕೊಡುವ ಮಾತ್ರೆಯಂತೂ ಬೇಡವೇ ಬೇಡ: ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಂತೆ ಔಷಧಿ ನಡೆಯುತ್ತಿರುತ್ತದೆ, ಅದರ ಮೇಲೆ ಇನ್ನೊಂದು ನೋವಿನ ಮಾತ್ರೆ ಬಿದ್ದರೆ ರಕ್ತಸ್ರಾವ ಆಗಬಹುದು.